ಎರಡೂವರೆ ವೋಲ್ಟಿನ ಭಾವ

ಅಡಿಕೆ ತೋಟಗಳಿರುವ ಊರಲ್ಲಿ ಪಂಪಿಗೆ ಆಟೋಮ್ಯಾಟಿಕ್ ಪೆಟ್ಟಿಗೆ ಮಾಡಿಕೊಡುವವರು ಒಬ್ಬರಾದರೂ ಇರುತ್ತಾರೆ. ಮಾಣಿಯಲ್ಲಿ ಅವರು ಊರಿಗೆಲ್ಲ ಭಾವ. ಇಲ್ಲಿಂದ ಒಂದು ರಸ್ತೆ ಉಪ್ಪಿನಂಗಡಿ, ಶಿರಾಡಿ ಹಿಡಿದು ಬೆಂಗಳೂರಿಗೆ, ಇನ್ನೊಂದು ಪುತ್ತೂರು ದಾಟಿ ಮಡಿಕೇರಿಗೆ. ಎರಡೂ ರಸ್ತೆಯಲ್ಲಿ ಯಾರ ಮನೆಯ ಚಾರ್ಜರ್ ಹಾಳಾಗಿದೆ ಎಂಬುದು ಭಾವನಿಗೆ ಗೊತ್ತು.

ಜಿಪುಣರಲ್ಲ. ಊಟಕ್ಕೆ ಹೋದರೆ ಪಾಯಸ ಬೇಡವೆಂದರೂ ಬಡಿಸುತ್ತಾರೆ. ವೋಲ್ಟೇಜ್ ರೆಫರೆನ್ಸಿಗೆ ಮಾತ್ರ ಕೈ ಬಿಚ್ಚುವುದಿಲ್ಲ. ವೋಲ್ಟೇಜ್ ಕಮ್ಮಿಯಿದ್ದಾಗ ಪಂಪು ಓಡಿದರೆ ವೈಂಡಿಂಗ್ ಸುಡುತ್ತದೆ, ಅದಕ್ಕೆ ಅಳೆಯಬೇಕು, ಅಳೆಯಲಿಕ್ಕೆ ಕದಲದ ಒಂದು ವೋಲ್ಟೇಜ್ ಬೇಕು. 7805 ರೆಗ್ಯುಲೇಟರಿನ ಐದು ವೋಲ್ಟ್ 4.8ರಿಂದ 5.2ರವರೆಗೆ ಎಲ್ಲಿಯೂ ಇರಬಹುದು. ಅದನ್ನು ನಂಬಿದರೆ 400 ವೋಲ್ಟಿನಲ್ಲಿ 16 ವೋಲ್ಟ್ ಲೆಕ್ಕ ತಪ್ಪೀತು.

"ರೆಫರೆನ್ಸಿಗೆಂದೇ ಇರುವ ಎಲ್ಎಂ4040 ತರಿಸಬಹುದಲ್ಲ ಭಾವ?"

"ಅದಕ್ಕಿಂತ ಹೆಚ್ಚು ಕೊರಿಯರಿಗೆ ಕೊಡ್ಲಿಕ್ಕೆ ನನಗೆಂತ ಮರ್ಲಾ?"

ಅಟ್ಮೆಗಾ328 ಚಿಪ್ಪಿನೊಳಗೇ 1.1 ವೋಲ್ಟ್ ಬಿಟ್ಟಿ ಸಿಗುತ್ತದೆ. ಆದರೆ ಒಂದರಲ್ಲಿ ಅದು 1.0, ಇನ್ನೊಂದರಲ್ಲಿ 1.2 ಇದ್ದೀತು. ಒಮ್ಮೆ ಅಳೆದು ಪ್ರೋಗ್ರಾಮಿನಲ್ಲಿ ಬರೆದಿಟ್ಟರೆ ಮುಗಿಯಿತು. ಅಳೆಯುವುದು ಯಾವುದರಲ್ಲಿ? ಭಾವನ ಮೂರು ಮೀಟರುಗಳು ಪಾಲುಪಟ್ಟಿಗೆ ಕೂತ ಅಣ್ಣತಮ್ಮಂದಿರ ಹಾಗೆ ಮೂರು ಲೆಕ್ಕ ಹೇಳುತ್ತವೆ.

ಕೊನೆಗೆ ಗತಿ ಟಿಎಲ್431. ಟ್ರಾನ್ಸಿಸ್ಟರಿನಂತೆ ಮೂರು ಕಾಲು, ಒಳಗೆ 2.495 ವೋಲ್ಟ್, ಒಂದು ಮಿಲಿಆಂಪ್ ಕೊಟ್ಟರೆ ಸುಮ್ಮನೆ ಕೂರುತ್ತದೆ. ಹೊಸದಕ್ಕೂ ಕೆಲವೇ ರೂಪಾಯಿ. ಭಾವನಿಗೆ ಅದೂ ದಂಡ. ಹಳೆ ಚಾರ್ಜರ್, ಕಂಪ್ಯೂಟರಿನ ಪವರ್ ಸಪ್ಲೈಗಳಲ್ಲಿ ಆಪ್ಟೋಕಪ್ಲರಿನ ಪಕ್ಕ ಇರುತ್ತದಲ್ಲ!

ಹೀಗೆ ಒಮ್ಮೆ ನಮ್ಮಲ್ಲಿ ಚಹಾ ಕುಡಿಯುತ್ತಾ, "ಆ ಚಾರ್ಜರ್ ಸತ್ತದ್ದಾ?" ಎಂದರು.

"ಇಲ್ಲ, ಸ್ವಲ್ಪ ನಿಧಾನ."

"ಅಂದ್ರೆ ಸಾಯ್ತಾ ಉಂಟು," ಎಂದವರೇ ಸ್ಕ್ರೂಡ್ರೈವರ್ ತೆಗೆದರು. ಒಡೆದು ನೋಡಿದರೆ ಟಿಎಲ್431 ಇಲ್ಲ. ಈಗಿನ ಎಷ್ಟೋ ಸಣ್ಣ ಚಾರ್ಜರುಗಳು ಅದಿಲ್ಲದೆಯೇ ಸುಧಾರಿಸುತ್ತವಂತೆ. ಬೈಗುಳ ನನಗೆ: "ಎಂತ ಭಾವ, ಇಂಥದ್ದೆಲ್ಲ ತೆಗೊಳ್ಳುದಾ?"

ಸಿಟ್ಟು ಬಂತು. ಆದರೆ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಟ್ಟು, ಮುಂದಿದೆಯಲ್ಲ ಎಂಬ ಧೈರ್ಯದಲ್ಲಿ ಬಸ್ಸು ತಪ್ಪಿಸಿಕೊಳ್ಳುವ ನಾನು ಏನು ಹೇಳಲಿ? ಅಡಿಕೆ ರೇಟು, ಮಳೆ, ತ್ರೀ ಫೇಸು, ಒಂದೂ ಹೇಳಿದಲ್ಲಿ ನಿಲ್ಲದ ಊರಲ್ಲಿ ಎರಡೂವರೆ ವೋಲ್ಟಾದರೂ ನಿಲ್ಲಲಿ ಎಂದು ಹಟ ಹಿಡಿದವರು ಅವರೊಬ್ಬರೇ. ಲೋಕವನ್ನು ಅಳೆಯುವ ಮೊದಲು ತನ್ನ ಅಳತೆಗೋಲನ್ನು ಅನುಮಾನಿಸುವವರು ಎಷ್ಟು ಜನ?

ಅವರ ಪೆಟ್ಟಿಗೆ ಕೂತ ಮೇಲೆ ನಮ್ಮ ಪಂಪು ಸುಟ್ಟದ್ದಿಲ್ಲ. ವೋಲ್ಟೇಜ್ ಸಾಲದಿದ್ದರೆ ತಾನಾಗಿ ನಿಲ್ಲುತ್ತದೆ. ಹೆಚ್ಚಿನ ದಿನ ನಿಂತೇ ಇರುತ್ತದೆ, ಆ ಮಾತು ಬೇರೆ.