ಪರದೆಯ ಮೇಲೆ ಕೀಲಿಮಣೆ ಬಿಡಿಸಿದವರಿಗೆ

ಮಾನ್ಯ ಸಾಫ್ಟ್‌ವೇರ್ ಮಹಾಶಯರೇ,

ತರೀಕೆರೆಯಿಂದ ಒಬ್ಬ ಡಿಟಿಪಿಯವನ ನಮಸ್ಕಾರ. ಅರ್ಜಿ ತುಂಬಲೆಂದು ನೀವು ಕಟ್ಟಿದ ಅಪ್ಲಿಕೇಶನ್ ನಮ್ಮ ಕಡೆಯ ಕಚೇರಿಯೊಂದರ ಟಚ್‌ಸ್ಕ್ರೀನಿನಲ್ಲಿ ಕೂತಿದೆ. ಏಳುವುದಕ್ಕೆ ಕೊಂಚ ಹೊತ್ತು ಬೇಕು, ಅಷ್ಟೆ. ಪಾಪ, ಎಲೆಕ್ಟ್ರಾನ್ ಎಂಬ ಚೌಕಟ್ಟಿನಲ್ಲಿ ಕಟ್ಟಿದ ಮೇಲೆ ಇಡೀ ಕ್ರೋಮಿಯಂ ಬ್ರೌಸರು, ಬೆನ್ನಿಗೆ ನೋಡ್.ಜೆಎಸ್, ಎರಡನ್ನೂ ಹೊರಲೇಬೇಕು. ಹೆಸರು, ಊರು, ಸರ್ವೆ ನಂಬರು ಎಂಬ ಮೂರು ಖಾನೆಗೆ! ಲೋಟ ಮಜ್ಜಿಗೆಗೆಂದು ಅಜ್ಜಂಪುರದ ಅಮೃತಮಹಲ್ ಹಿಂಡನ್ನೇ ಹೊಡೆದುಕೊಂಡು ಬಂದ ಹಾಗಾಯಿತು. ಅದೂ ಹಾಲಿಗಲ್ಲ, ಓಟಕ್ಕೆ ಹೆಸರಾದ ತಳಿ. ಎಲೆಕ್ಟ್ರಾನ್ 2013ರಲ್ಲಿ ಹುಟ್ಟಿದ್ದು ಗಿಟ್‌ಹಬ್‌ನವರ ಆಟಮ್ ಎಡಿಟರಿಗಾಗಿ. ಆಟಮ್ 2022ರಲ್ಲೇ ಕಣ್ಣು ಮುಚ್ಚಿತು, ಹೊರೆ ನಮಗೆ ಉಳಿಯಿತು.

ನಿಮ್ಮ ನಿಜವಾದ ಸಾಧನೆ ಕೀಲಿಮಣೆಯದು. ಕೆ.ಪಿ. ರಾವ್ ಅವರು ನಮ್ಮ ವರ್ಣಮಾಲೆಯನ್ನೆಲ್ಲ 26 ಇಂಗ್ಲಿಷ್ ಅಕ್ಷರಗಳ ಕೀಲಿಯೊಳಗೇ ಹೊಂದಿಸಿಬಿಟ್ಟರು. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರು ಇವತ್ತಿಗೂ ಡಬ್ಲ್ಯೂ ಒತ್ತಿ ‘ಡ’ ತರಿಸುತ್ತಾರೆ, ಎಫ್ ಒತ್ತಿ ಒತ್ತಕ್ಷರ ಕೂಡಿಸುತ್ತಾರೆ. ನೀವು ಅಂಥ ಜಿಪುಣತನ ಮಾಡಲಿಲ್ಲ. ಅಕ್ಷರಕ್ಕೊಂದು ಗುಂಡಿ, ಕಾಗುಣಿತಕ್ಕೆ ಬೇರೆ ಸಾಲು. ‘ಙ’ಗೆ ವ್ಯಂಜನಗಳ ಮೊದಲ ಸಾಲಿನಲ್ಲೇ ಆಸನ, ಅದನ್ನು ಒತ್ತುವ ಅರ್ಜಿದಾರ ಕಡೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಬೇಕು. ದಿನಬೆಳಗಾದರೆ ಬೇಕಾಗುವ ಒತ್ತಿನ ಗುಂಡಿ ಮಾತ್ರ ಎರಡನೇ ಪುಟದಲ್ಲಿ.

ಮೊನ್ನೆ, ಅಡಿಕೆ ಚೊಗರು ಹತ್ತಿದ ಬೆರಳಿನ ಹಿರಿಯರೊಬ್ಬರು ‘ಅಜಂಪುರ’ ಎಂದು ಒತ್ತಿದರು. ತಪ್ಪು ಅವರ ಕಣ್ಣಿಗೇ ಬಿತ್ತು. ‘ಜ’ದ ಮಗ್ಗುಲಲ್ಲಿ ಬೆರಳಿಟ್ಟು, ಒತ್ತಿನ ಗುಂಡಿ ಹುಡುಕಿ, ಇನ್ನೊಂದು ‘ಜ’ ಸೇರಿಸಿದರು. ಪರದೆಯ ಮೇಲೆ ಮೂಡಿದ್ದು ‘ಅಜಂಪುರ್ಜ’. ಹೊಸ ತಾಲ್ಲೂಕು, ಹೆಸರಿನ್ನೂ ಪಕ್ಕಾ ಆಗಿಲ್ಲ ಅಂದುಕೊಂಡಿತೋ ಏನೋ ನಿಮ್ಮ ಅಪ್ಲಿಕೇಶನ್.

ಗುಂಡಿ ಮುಟ್ಟಿದೊಡನೆ ಫೋಕಸ್ ಖಾನೆ ಬಿಟ್ಟು ಗುಂಡಿಗೆ ಹಾರುತ್ತದೆ. ಕರ್ಸರ್ ಎಲ್ಲಿತ್ತೆಂದು ನೋಡದೆ ನೀವು ಬಂದ ಅಕ್ಷರವನ್ನೆಲ್ಲ ಸಾಲಿನ ಬಾಲಕ್ಕೆ ಅಂಟಿಸುತ್ತೀರಿ. ಕರ್ಸರ್ ಇದ್ದ ಜಾಗವನ್ನು ಸೆಲೆಕ್ಷನ್‌ಸ್ಟಾರ್ಟ್ ಎಂಬ ಹೆಸರಿನಲ್ಲಿ ಬ್ರೌಸರು ನೆನಪಿಟ್ಟುಕೊಂಡೇ ಇರುತ್ತದೆ ಸ್ವಾಮಿ. ಅಷ್ಟು ದೊಡ್ಡ ಬ್ರೌಸರನ್ನು ಅಷ್ಟು ದೂರದಿಂದ ಹೊತ್ತು ತಂದವರು ಅದನ್ನೊಂದು ಮಾತು ಕೇಳಬಾರದಿತ್ತೇ?

ಹಾಗಂತ ಮುಂದಿನ ಆವೃತ್ತಿಗೆ ಅವಸರ ಮಾಡಬೇಡಿ. ನಿಮ್ಮ ಪರದೆಗೆ ಕೈಮುಗಿದು ಬಂದವರೆಲ್ಲ ಅರ್ಜಿ ಟೈಪ್ ಮಾಡಿಸಲು ಸೀದಾ ನನ್ನ ಅಂಗಡಿಗೇ ಬರುತ್ತಿದ್ದಾರೆ. ಹಾಳೆಗೆ ಇಷ್ಟು ಅಂತ ದರವನ್ನೂ ಏರಿಸಿದ್ದೇನೆ.

ಇಂತಿ ನಿಮ್ಮ ಉಪಕೃತ,
ಬಸ್‌ಸ್ಟ್ಯಾಂಡ್ ಹತ್ತಿರದ ಡಿಟಿಪಿಯವ