ಕಾಲ ಮ್ಯಾಲಿಟ್ಟ ಕಾಕಾ

ಬೈಲಹೊಂಗಲದಂಥ ಊರಿನಲ್ಲಿ ಓಣಿಯೆಲ್ಲ ‘ಕಾಕಾ’ ಅಂತ ಕರೆಯುವ ಹಿರಿಯರಿಗೆ ಕಾಲು ಮುರಿಯಬಾರದು. ಕೈ ಮುರಿದರೆ ಚಿಂತೆಯಿಲ್ಲ. ಕೊರಳಿಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಗೆ ಬಂದು ಕುಳಿತರಾಯಿತು, ಮಾತಿಗೇನೂ ಅಡ್ಡಿಯಿಲ್ಲ. ಕಾಲು ಮುರಿದರೆ ಡಾಕ್ಟರು ಅದನ್ನು ಎದೆಗಿಂತ ಎತ್ತರದಲ್ಲಿ ಇಡಲು ಹೇಳುತ್ತಾರೆ. ‘ಬಂದವರ ಕಡೆ ಕಾಲು ಚಾಚಬ್ಯಾಡ್ರಲೇ’ ಎಂದು ಮಕ್ಕಳಿಗೂ ಮೊಮ್ಮಕ್ಕಳಿಗೂ ಬೈದು ಬುದ್ಧಿ ಹೇಳಿದ ಮನುಷ್ಯ ಈಗ ಪಡಸಾಲೆಯ ನಡುವೆ ಮಲಗಿ, ಬಂದವರ ಮುಖಕ್ಕೇ ಪಾದ ತೋರಿಸಬೇಕು.

ನಮ್ಮ ಓಣಿಯ ಕಾಕಾ ಹತ್ತಿ ಅಡತಿಯಲ್ಲಿ ಕೂದಲು ಹಣ್ಣು ಮಾಡಿಕೊಂಡವರು. ಧಾರವಾಡದಿಂದ 1972ರಲ್ಲಿ ‘ವರಲಕ್ಷ್ಮಿ’ ಹತ್ತಿ ಬಂದದ್ದು, ಆಮೇಲೆ ‘ಡಿಸಿಎಚ್ 32’ ಬಂದು ಸವದತ್ತಿ ಸೀಮೆಯ ಎರೆಹೊಲಗಳನ್ನು ಬೆಳ್ಳಗೆ ಮಾಡಿದ್ದು, ಎಲ್ಲ ಅವರಿಗೆ ಬಾಯಿಪಾಠ. ಇಂಥವರು ಒಂದು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದು ಹರಡು ಮುರಿದುಕೊಂಡರು. ಬೆಳಗಾವಿಯಲ್ಲಿ ಆಪರೇಶನ್ ಆಯಿತು. ಒಳಗೆ ಕೂಡಿಸಿದ್ದು ಒಂದು ಪ್ಲೇಟು, ನಾಲ್ಕಾರು ಸ್ಕ್ರೂ. ಆದರೆ ನಮ್ಮ ಕಡೆ ಎಲುಬಿಗೆ ಏನು ಹಾಕಿದರೂ ಅದು ರಾಡೇ. ‘ರಾಡ್ ಹಾಕ್ಯಾರಂತ’ ಎಂಬ ಸುದ್ದಿ ಕಾಕಾ ಮನೆ ಮುಟ್ಟುವ ಮೊದಲೇ ಊರು ಮುಟ್ಟಿತ್ತು.

ಬಚ್ಚಲಲ್ಲಿ ಬಿದ್ದೆ ಅಂತ ಹೇಳುವುದು ಅಡತಿ ಸಾಹುಕಾರರಿಗೆ ಶೋಭೆಯಲ್ಲ. ಹೀಗಾಗಿ ಕಾಕಾ ತಾಲೂಕಿಗೊಂದು ಕಥೆ ಇಟ್ಟುಕೊಂಡರು. ಸವದತ್ತಿಯವರು ಬಂದರೆ, ‘ಎಲ್ಲಮ್ಮನ ಗುಡ್ಡದಾಗ ಗದ್ದಲಿತ್ರಿ, ಕಾಲ ಹೊಳ್ಳಿತು’. ಕಿತ್ತೂರಿನವರು ಬಂದರೆ, ‘ನಿಮ್ಮ ಕ್ವಾಟಿ ನೋಡಾಕ ಬಂದಿದ್ನಿ, ಮೆಟ್ಟಲ ತಪ್ಪಿತು’. ರಾಮದುರ್ಗದವರಿಗೆ ಗೊಡಚಿ ವೀರಭದ್ರನ ಜಾತ್ರೆ. ಕೇಳಿದವರು ತಮ್ಮ ಊರಿನಲ್ಲೇ ಇಷ್ಟು ದೊಡ್ಡ ಅನಾಹುತ ಆಯಿತಲ್ಲ ಎಂದು ಒಂದು ಡಜನ್ ಬಾಳೆಹಣ್ಣು ಹೆಚ್ಚೇ ತರುತ್ತಿದ್ದರು. ಒಂದು ರವಿವಾರ ಮೂರೂ ಊರಿನವರು ಒಟ್ಟಿಗೆ ಬಂದು ಕುಳಿತಾಗ ಮಾತ್ರ ಕಾಕಾ ಕಣ್ಣು ಮುಚ್ಚಿ ನಿದ್ದೆ ಬಂದವರ ಆಟ ಹೂಡಿದರು. ಚಾ ತಂದ ಅವರ ಹೆಂಡತಿ, ನಮ್ಮೆಲ್ಲರ ಕಾಕು, ಕಪ್ಪು ಬಸಿ ಇಡುತ್ತ, ‘ಬಚ್ಚಲದಾಗ ಬಿದ್ದಾರ್ರಿ, ಸಾಬಾಣ ನಾನ ತಗದೇನಿ’ ಅಂದು ಒಳಗೆ ಹೋದರು.

ದಿಂಬಿನ ಕಥೆ ಬೇರೆ. ಬೆಂಗಳೂರಿನ ಮಗ ಆನ್‌ಲೈನಿನಲ್ಲಿ ಕಾಲಿಡುವ ಫೋಮ್ ದಿಂಬು ತರಿಸಿದ. ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಎತ್ತರ, ನಡುವೆ ಕಾಲಿಗೊಂದು ತಗ್ಗು. ಪಕ್ಕದ ಮನೆಯಾತ ನೋಡಿ, ‘ಹೊಲದ ಒಡ್ಡ ಕಡದ ತಂದಂಗ ಐತಲ್ರಿ’ ಅಂದ. ಕಾಕಾರಿಗೆ ಸಿಟ್ಟು ಬಂತು. ‘ಹತ್ತಿ ಮಾರಿ ಬೆಳದ ಮನ್ಯಾಗ ಸ್ಪಂಜಿನ ದಿಂಬ? ಮಂದಿ ನಕ್ಕಾರು. ಕರೀರಿ ಪಿಂಜಾರನ್ನ!’ ಆತ ಬಂದ, ಹದವಾಗಿ ಹತ್ತಿ ಹಿಂಜಿ ಎರಡು ದಪ್ಪ ದಿಂಬು ತುಂಬಿಕೊಟ್ಟ. ರಾತ್ರಿ ಮಲಗುವಾಗ ಕಾಲು ಗೋಡೆಯ ಕ್ಯಾಲೆಂಡರಿನ ಎತ್ತರಕ್ಕಿತ್ತು. ಬೆಳಗಾಗುವುದರೊಳಗೆ ಹತ್ತಿ ಕುಸಿದು ಕಾಲು ಹಾಸಿಗೆಗೆ ಬಂದಿತ್ತು, ಬೆರಳುಗಳು ಊದಿದ್ದವು. ಎರಡು ರಾತ್ರಿಯ ಮೇಲೆ ಕಾಕಾ ಮೌನವಾಗಿ ಫೋಮಿನ ಕಡೆ ಬೆರಳು ತೋರಿಸಿದರು. ಹತ್ತಿಯ ಧಾರಣೆ ಕುಸಿದಾಗಲೂ ಅವರ ಮುಖ ಅಷ್ಟು ಸಣ್ಣದಾಗಿರಲಿಲ್ಲವಂತೆ.

ದಿಂಬು ಗಟ್ಟಿಯಾಯಿತು, ದಿಕ್ಕು ಗಟ್ಟಿಯಾಗಲಿಲ್ಲ. ಕಾಲು ಎತ್ತಿದ ಮೇಲೆ ಅದು ಯಾವುದಾದರೂ ಒಂದು ಕಡೆ ನೋಡಲೇಬೇಕಲ್ಲ! ಪೂರ್ವದ ಗೋಡೆಗೆ ಬಸವಣ್ಣನವರ ಫೋಟೊ. ಉತ್ತರಕ್ಕೆ ದೇವರ ಕೋಣೆ. ಪಶ್ಚಿಮಕ್ಕೆ ಕುದುರೆಯೇರಿ ಕತ್ತಿ ಹಿರಿದ ಚೆನ್ನಮ್ಮ, ಪಕ್ಕದಲ್ಲಿ ಸಂಗೊಳ್ಳಿ ರಾಯಣ್ಣ. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕಿತ್ತೂರಿನ ಕೋಟೆಯ ಮುಂದೆ ಕೆಡವಿದ ತಾಯಿಗೆ, ಅದೂ ಆಕೆಯ ಸಮಾಧಿ ಇರುವ ಬೈಲಹೊಂಗಲದವರೇ ಕಾಲು ತೋರಿಸುವುದುಂಟೆ? ಉಳಿದದ್ದು ದಕ್ಷಿಣ. ಆ ಕಡೆ ಕಾಲು ಮಾಡಿದರೆ ತಲೆ ಉತ್ತರಕ್ಕೆ ಬರುತ್ತದೆ. ‘ಉತ್ತರಕ್ಕ ತಲಿ ಹಾಕಿದ್ರ ರಾಡಿನ ಖರ್ಚು ದಂಡ ಆದೀತು’ ಎಂದು ಕಾಕಾ ಖಂಡಿತವಾಗಿ ಹೇಳಿದರು. ಕೊನೆಗೆ ಮಂಚವನ್ನು ಓರೆಯಾಗಿ ಎಳೆದು, ಪಾದವನ್ನು ಮೂಲೆಯ ಟಿವಿಯತ್ತ ತಿರುಗಿಸಲಾಯಿತು. ಅಂದಿನಿಂದ ಸುದ್ದಿ ಓದುವವರ ಅರ್ಧ ಮುಖ ಕಾಕಾರ ಹೆಬ್ಬೆರಳ ಹಿಂದೆ.

ಇಷ್ಟಾದರೂ ಮರ್ಯಾದೆ ಸುಮ್ಮನೆ ಬಿಡುತ್ತದೆಯೇ? ಓಣಿಯ ಹುಡುಗರು ಬಂದರೆ ಕಾಲು ದಿಂಬಿನ ಮೇಲೇ ಇರುತ್ತಿತ್ತು. ಬ್ಯಾಂಕಿನ ಮ್ಯಾನೇಜರು ಬಂದರೆ ಸ್ವಲ್ಪ ಇಳಿಯುತ್ತಿತ್ತು. ರಾಮದುರ್ಗದ ಬೀಗರು ಬಂದರೆ ಪೂರ್ತಿ ನೆಲಕ್ಕೆ. ‘ಇರ್ಲಿ ಬಿಡ್ರಿ, ಮ್ಯಾಲ ಇಡ್ರಿ’ ಎಂದು ಬೀಗರು, ‘ಎಲ್ಲೀದ್ರಿ, ನಿಮ್ಮ ಮುಂದ ಹೆಂಗ ಇಡೂದ್ರಿ’ ಎಂದು ಇವರು. ಈ ಉಪಚಾರ ಒಂದು ತಾಸು ನಡೆಯುವಷ್ಟರಲ್ಲಿ ಕಾಲು ಜೋತುಬಿದ್ದು ಕುಂಬಳಕ್ಕೆ ತಿರುಗಿರುತ್ತಿತ್ತು. ಸಂಜೆ ಬಾವು ನೋಡಿದರೆ ಸಾಕು, ಆ ದಿನ ಯಾವ ದರ್ಜೆಯವರು ಬಂದು ಹೋದರು ಅಂತ ಕಾಕು ಹೇಳಿಬಿಡುತ್ತಿದ್ದರು.

ತಪಾಸಣೆಗೆ ಹೋದಾಗ ಡಾಕ್ಟರು ಸಮಾಧಾನದಿಂದ ತಿಳಿಸಿದರು. ಹೃದಯದಿಂದ ಪಾದಕ್ಕೆ ರಕ್ತ ಇಳಿಯುವುದು ಸುಲಭ, ಮೇಲೇರುವುದು ಕಷ್ಟ. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ಅದನ್ನು ಮೇಲೆ ಕಳಿಸುತ್ತದೆ. ಪಟ್ಟಿ ಬಿಗಿದ ಕಾಲಿನಲ್ಲಿ ಆ ಕೆಲಸ ನಿಂತಿರುತ್ತದೆ. ಅದಕ್ಕೇ ಪಾದವನ್ನು ಎದೆಗಿಂತ ಮೇಲಿಡಬೇಕು, ನೀರು ತಾನಾಗಿ ಹಿಂದಕ್ಕೆ ಹರಿಯುತ್ತದೆ. ದಿಂಬು ಬರೀ ಮೊಣಕಾಲಿನ ಅಡಿ ಇರಬಾರದು, ಮೀನಖಂಡದ ಉದ್ದಕ್ಕೂ ಆಸರೆ ಕೊಡಬೇಕು. ಹಿಮ್ಮಡ ಮಾತ್ರ ಎಲ್ಲೂ ಒತ್ತದೆ ಗಾಳಿಯಲ್ಲಿರಬೇಕು. ಸಕ್ಕರೆ ಕಾಯಿಲೆಯವರಿಗಂತೂ ಅಲ್ಲಿ ಹುಣ್ಣಾದರೆ ಬೇಗ ಮಾಯುವುದಿಲ್ಲ. ಬೆರಳು ಆಗಾಗ ಆಡಿಸಬೇಕು. ಬೆರಳು ನೀಲಿಯಾದರೆ, ತಣ್ಣಗಾದರೆ, ಜೋಮು ಹಿಡಿದರೆ, ಮೀನಖಂಡ ನೋಯತೊಡಗಿದರೆ, ಏದುಸಿರು ಬಂದರೆ ಬೀಗರಿಗೆ ಫೋನು ಮಾಡುವ ಮೊದಲು ಆಸ್ಪತ್ರೆಗೆ ಬರಬೇಕು.

ಕಾಕಾ ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು: ‘ಬೀಗರು ಬಂದಾಗ?’

ಡಾಕ್ಟರು ಪೆನ್ನು ಕೆಳಗಿಟ್ಟರು.

ಮನೆಗೆ ಬಂದ ಮೇಲೆ ಉಪಾಯ ಹುಡುಕಿದವರು ಕಾಕುವೇ. ಸನ್ಮಾನದಲ್ಲಿ ಬಂದ ಶಾಲುಗಳು ಟ್ರಂಕಿನ ತುಂಬ ಇದ್ದವು. ಅದರಲ್ಲಿ ಜರಿಯಂಚಿನದೊಂದು ತೆಗೆದು ಎತ್ತಿಟ್ಟ ಕಾಲಿಗೆ ಹೊದಿಸಿದರು. ಈಗ ಬಂದವರಿಗೆ ಪಾದ ಕಾಣಲಿಲ್ಲ, ಶಾಲು ಕಂಡಿತು. ಮಠದ ಅಯ್ಯನವರು ಬಂದಾಗ ಕಾಕಾ ಮತ್ತೆ ಕಾಲು ಇಳಿಸಲು ಒದ್ದಾಡಿದರು. ಅವರು ಕೈ ಎತ್ತಿ, ‘ಇಳಸಬ್ಯಾಡ್ರಿ. ಕಾಲು ನೆಟ್ಟಗಾದ ಮ್ಯಾಲ ಮಠಕ್ಕ ನಡಕೊಂತ ಬರ್ರಿ, ಅದ ನಮಸ್ಕಾರ’ ಅಂದರು. ಗುರುಗಳ ಅಪ್ಪಣೆಯಾದ ಮೇಲೆ ಬೀಗರ ಮುಂದೆಯೂ ಕಾಲು ಇಳಿಯಲಿಲ್ಲ.

ಮಳೆಗಾಲದ ದಿನಗಳು. ಮೊಮ್ಮಗ ಬೆಳಿಗ್ಗೆ ಎರಡು ಅಳತೆ ಒಪ್ಪಿಸಬೇಕಿತ್ತು. ಪೇಪರು ನೋಡಿ ನವಿಲುತೀರ್ಥ ಡ್ಯಾಮಿನ ನೀರು ಭರ್ತಿ ಮಟ್ಟವಾದ 2079.50 ಅಡಿಗೆ ಇನ್ನೆಷ್ಟು ಕಡಿಮೆ ಅನ್ನುವುದು ಒಂದು. ದರ್ಜಿಯ ಟೇಪು ಹಿಡಿದು ಅಜ್ಜನ ಹರಡಿನ ಸುತ್ತಳತೆ ಇನ್ನೊಂದು. ಡ್ಯಾಮಿನದು ಏರಿದರೆ ಕಾಕಾರಿಗೆ ಖುಷಿ, ಕಾಲಿನದು ಇಳಿದರೆ ಖುಷಿ. ಒಂದು ದಿನ ಹುಡುಗ ಅದಲುಬದಲು ಹೇಳಿ ಬೈಸಿಕೊಂಡ.

ಆಮೇಲೆ ಡಾಕ್ಟರು ವಾಕರ್ ಹಿಡಿದು ನಡೆಯಲು ಹೇಳಿದರು. ಮೊದಲ ದಿನ ಕಾಕಾ ಅಂಗಳದ ತನಕ ಹೋಗಿ ಓಣಿಯವರ ಮುಜರೆ ಸ್ವೀಕರಿಸಿ ಬರುವಷ್ಟರಲ್ಲಿ ಮಂಚದ ಮೇಲೆ ಕಾಕು ಮಲಗಿದ್ದರು, ಎರಡೂ ಕಾಲು ಆ ದಿಂಬಿನ ಮೇಲೆ. ಹರಡುಗಳ ಗುರುತೇ ಸಿಗದಷ್ಟು ಬಾವು. ಇಷ್ಟು ದಿನ ಬಂದ ಮಂದಿಗೆಲ್ಲ ನಿಂತೇ ಚಾ ಸೋಸಿ, ನಿಂತೇ ರೊಟ್ಟಿ ಬಡಿದ ಕಾಲುಗಳು.

‘ಅದು ನನ್ನ ದಿಂಬಲ್ಲೇನ?’ ಅಂದರು ಕಾಕಾ.

‘ಹೌದ್ರಿ. ನಾನೂ ಬಚ್ಚಲದಾಗ ಬಿದ್ದ ಮ್ಯಾಲ ಕೇಳಬೇಕಿತ್ತೇನ?’

ಕಾಕಾ ಮಾತಾಡಲಿಲ್ಲ. ವಾಕರ್ ತಿರುಗಿಸಿ ಕುರ್ಚಿಗೆ ಹೋಗಿ ಕುಳಿತರು.

ಓದುಗರೇ, ನಿಮ್ಮ ಮನೆಯಲ್ಲೂ ಇಂಥ ದಿಂಬು ಇದ್ದರೆ ಸಾಹುಕಾರರ ಗಾಯ ಮಾಯಿತೆಂದು ಅಟ್ಟಕ್ಕೆ ಎಸೆಯಬೇಡಿ. ರಾತ್ರಿ ಕೆಲಸ ಮುಗಿದ ಮೇಲೆ ಅರ್ಧ ತಾಸು ಮನೆಯ ಹೆಣ್ಣುಮಕ್ಕಳ ಕಾಲಿಗೆ ಕೊಡಿ. ಅಷ್ಟಕ್ಕೂ ಬಾವು ಇಳಿಯದೆ ದಿನವೂ ಉಳಿದರೆ, ಅದು ಬರೀ ದಣಿವಲ್ಲ, ಹೃದಯ ಅಥವಾ ಮೂತ್ರಪಿಂಡದ ದೂರೂ ಇರಬಹುದು. ಅವರನ್ನೂ ಬೆಳಗಾವಿಗೆ ಕರೆದೊಯ್ದು ತೋರಿಸಿ.