ಫ್ಲೈವೀಲಿನಡಿ ಎರಡು ಒಲೆ

ದೋಣಿಯಲ್ಲಿ ಬ್ಯಾಟ್ರಿ ಕೈಕೊಟ್ಟರೆ ಮೊದಲ ಬೈಗುಳ ಬೀಳುವುದು ಅದನ್ನು ಮಾರಿದ ಅಂಗಡಿಯವನಿಗೆ. ಎರಡನೆಯದು ಎಂಜಿನ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್‌ಗೆ. ಮೂರನೆಯದು, ಬಲೆ ಬಿಟ್ಟು ಕೂತ ಹೊತ್ತಿನಲ್ಲಿ ಮೊಬೈಲನ್ನು ಚಾರ್ಜಿಗೆ ಹಾಕಿಕೊಂಡೇ ಯಕ್ಷಗಾನದ ವಿಡಿಯೊ ನೋಡುವ ಹುಡುಗನಿಗೆ. ಎಂಜಿನ್ನಿಗೆ ಮಾತ್ರ ಯಾರೂ ಏನೂ ಅನ್ನುವುದಿಲ್ಲ. ಅದು ಓಡುತ್ತಲೇ ಇದೆಯಲ್ಲ! ಓಡುವ ಎಂಜಿನ್ ಬ್ಯಾಟ್ರಿ ತುಂಬಿಸದೆ ಇದ್ದೀತೇ ಎಂಬುದು ನಮ್ಮ ಕರಾವಳಿಯಲ್ಲಿ ಗಂಗೊಳ್ಳಿಯಿಂದ ಶಿರೂರಿನ ತನಕ ಸಾರ್ವತ್ರಿಕ ನಂಬಿಕೆ. ಕಾರು ಹುಟ್ಟಿಸಿದ ನಂಬಿಕೆ ಅದು. ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೆಯ ಔಟ್‌ಬೋರ್ಡ್ ಎಂಜಿನ್ ಕಾರಿನ ಜಾತಿಯದ್ದಲ್ಲ, ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಜಾತಿಯದು.

ಚೇತಕ್ ಓಡಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ತಿರುವಿನಲ್ಲಿ ನಿಧಾನ ಮಾಡಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು. ದಾರಿ ಕಾಣಬೇಕಾದರೆ ಕ್ಲಚ್ ಹಿಡಿದು ಎಕ್ಸಲರೇಟರ್ ತಿರುವಬೇಕು. ಅಂದರೆ ಎಲ್ಲಿ ಕಣ್ಣು ಚುರುಕಾಗಿರಬೇಕೋ ಅಲ್ಲೇ ಬೆಳಕು ಕಡಿಮೆ. ಕಾರಣ ಸರಳ. ಫ್ಲೈವೀಲ್ ಎಂಬ ಕಬ್ಬಿಣದ ಚಕ್ರದ ಒಳಮೈಗೆ ಅಯಸ್ಕಾಂತಗಳು, ಅವು ತಿರುಗುವಾಗ ನಡುವೆ ಅಲುಗಾಡದೆ ಕೂತ ತಾಮ್ರದ ತಂತಿಯ ಸುರುಳಿಗಳು, ಅಂದರೆ ಕಾಯಿಲ್‌ಗಳು. ಚಕ್ರ ಜೋರಾಗಿ ತಿರುಗಿದರೆ ಹೆಚ್ಚು ಕರೆಂಟು, ನಿಧಾನವಾದರೆ ಕಡಿಮೆ. ನಡುವೆ ಹದ ಹಾಕುವವರು ಯಾರೂ ಇಲ್ಲ. ಕಾರಿನ ಆಲ್ಟರ್ನೇಟರಿನಲ್ಲಿರುವುದು ವಿದ್ಯುದಯಸ್ಕಾಂತ. ಅದಕ್ಕೆ ಕೊಡುವ ಕರೆಂಟು ಏರಿಸಿ ಇಳಿಸಿ ಉತ್ಪತ್ತಿಯನ್ನು ಹತೋಟಿಯಲ್ಲಿಡಬಹುದು. ಕಾಯಂ ಅಯಸ್ಕಾಂತಕ್ಕೆ ಆ ವಿಧೇಯತೆ ಇಲ್ಲ.

ಔಟ್‌ಬೋರ್ಡಿನ ತಲೆಯ ಮೇಲಿನ ಮುಚ್ಚಳ ತೆಗೆದರೆ ಮೊದಲು ಕಾಣುವುದೇ ಈ ಫ್ಲೈವೀಲ್. ಪುಲ್ಲರ್ ಹಾಕಿ ಅದನ್ನು ಎಬ್ಬಿಸಿದರೆ ಒಂದೇ ಮಾಡಿನ ಕೆಳಗೆ ಎರಡು ಒಲೆ ಹೂಡಿದ ಮನೆ ಕಾಣುತ್ತದೆ. ಒಂದು ಒಲೆ ಸ್ಪಾರ್ಕ್ ಪ್ಲಗ್ಗಿನದು. ಅದರ ಕಾಯಿಲ್ ಬೇರೆ, ತಂತಿ ಬೇರೆ, ವ್ಯವಹಾರ ಬೇರೆ. ಅದು ಬ್ಯಾಟ್ರಿಯಿಂದ ಒಂದು ಹನಿ ಕರೆಂಟು ಸಾಲ ಕೇಳುವುದಿಲ್ಲ. ಹಗ್ಗ ಎಳೆದರೆ ಎಂಜಿನ್ ಹೊತ್ತಿಕೊಳ್ಳುವುದೂ, ಬ್ಯಾಟ್ರಿ ಸತ್ತರೂ ದೋಣಿ ದಡ ಮುಟ್ಟುವುದೂ ಈ ಒಲೆಯ ಪುಣ್ಯದಿಂದ. ಇನ್ನೊಂದು ಒಲೆ ಬ್ಯಾಟ್ರಿಯದು. ಸಣ್ಣ ಎಂಜಿನ್ನುಗಳಲ್ಲಿ ಅದು 60ರಿಂದ 80 ವಾಟ್, ಅಂದರೆ ಐದಾರು ಆಂಪಿಯರ್, ಅದೂ ಪೂರ್ತಿ ವೇಗದಲ್ಲಿ. ಈ ಒಲೆ ಆರಿದ್ದು ಆ ಒಲೆಗೆ ತಿಳಿಯುವುದೇ ಇಲ್ಲ. ಎಂಜಿನ್ ಚೆನ್ನಾಗಿ ಓಡುತ್ತಿದೆ ಎಂಬುದು ಬ್ಯಾಟ್ರಿ ತುಂಬುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ ಎಂದು ನಾನು ವಾದಿಸುವುದು ಇದಕ್ಕೇ.

ಇದನ್ನು ಹೀಗೆ ಮಾಡಿದವರನ್ನು ದೂರುವಂತೆಯೂ ಇಲ್ಲ. ಔಟ್‌ಬೋರ್ಡನ್ನು ಅಮೆರಿಕದ ಮಿಲ್ವಾಕಿಯಲ್ಲಿ 1909ರಲ್ಲಿ ಮಾರಾಟಕ್ಕೆ ತಂದ ಓಲೆ ಎವಿನ್‌ರೂಡ್ ನಾರ್ವೆಯಲ್ಲಿ ಹುಟ್ಟಿದವನು. ಸೆಕೆಯ ದಿನ ಪ್ರೇಯಸಿಗಾಗಿ ಐಸ್‌ಕ್ರೀಂ ತರಲು ಹೋಗಿ, ಹುಟ್ಟು ಹಾಕಿಕೊಂಡು ಮರಳುವಷ್ಟರಲ್ಲಿ ಅದು ಕರಗಿತೆಂದೂ, ಆ ಬೇಸರದಲ್ಲಿ ಎಂಜಿನ್ ಹೊಳೆಯಿತೆಂದೂ ಕಥೆ. ಐಸ್‌ಕ್ರೀಂ ತರುವ ದೋಣಿಗೆ ಜಿಪಿಎಸ್ ಬೇಡ, ಮೀನು ತೋರಿಸುವ ಫಿಶ್‌ಫೈಂಡರ್ ಬೇಡ. ಬ್ಯಾಟ್ರಿ ನೆಂಟನಂತೆ ಆಮೇಲೆ ಬಂದದ್ದು. 1950ರ ದಶಕದಲ್ಲಿ ಸೆಲ್ಫ್ ಸ್ಟಾರ್ಟ್ ಚಾಲ್ತಿಗೆ ಬಂದಾಗ ಕೆಲವು ದೊಡ್ಡ ಎಂಜಿನ್ನುಗಳ ಪಕ್ಕಕ್ಕೆ ಬೆಲ್ಟಿನಿಂದ ತಿರುಗುವ ಡೈನಮೋ ಕಟ್ಟಿದರು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಅಗ್ಗವಾದ ಮೇಲೆ ಬ್ಯಾಟ್ರಿಯ ಕಾಯಿಲ್ ಫ್ಲೈವೀಲಿನ ಅಡಿಗೇ ಹೋಗಿ ಸೇರಿತು. ಎವಿನ್‌ರೂಡ್ ಹೆಸರಿನ ಎಂಜಿನ್ ತಯಾರಿಕೆ 2020ರಲ್ಲಿ ನಿಂತೇಹೋಯಿತು. ಐಸ್‌ಕ್ರೀಂ ಈಗಲೂ ಕರಗುತ್ತಿದೆ.

ನಮ್ಮ ನಾಡದೋಣಿಗಳ ಬೆನ್ನಿಗೆ ಔಟ್‌ಬೋರ್ಡ್ ಏರತೊಡಗಿದ್ದು 1980ರ ದಶಕದಿಂದ ಈಚೆಗೆ. ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ ಓಡಿಸುವ ವಿದ್ಯೆ ಇಲ್ಲಿನವರಿಗೆ ಕರತಲಾಮಲಕ. ಕರೆಂಟಿನ ವಿದ್ಯೆ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಎಣ್ಣೆ ಸೋರಿದರೆ ಮೂಗಿಗೆ ತಿಳಿಯುತ್ತದೆ. ಕರೆಂಟು ಸೋರಿದರೆ ಯಾವ ಇಂದ್ರಿಯಕ್ಕೂ ತಿಳಿಯದು, ಬೆರಳೊಂದನ್ನು ಬಿಟ್ಟು.

ರಿಪೇರಿ ಶೆಡ್ಡಿನಲ್ಲಿ ಕೂತು ನೋಡುವುದು ನನಗೆ ತಾಳಮದ್ದಲೆ ಕೇಳಿದಷ್ಟೇ ಹಿತ. ಕಾಯಿಲ್‌ನಿಂದ ಹೊರಡುವ ಎರಡು ಹಳದಿ ತಂತಿಗಳು (ಬಹಳಷ್ಟು ಅಮೆರಿಕನ್ ಎಂಜಿನ್ನುಗಳಲ್ಲಿ ಹಳದಿ, ಉಳಿದ ಕಡೆ ಕಂಪನಿಯ ಮನಸ್ಸು) ರೆಕ್ಟಿಫೈಯರ್ ಎಂಬ ಬೆಂಕಿಪೆಟ್ಟಿಗೆ ಗಾತ್ರದ ವಸ್ತುವಿಗೆ ಹೋಗುತ್ತವೆ. ಅದರೊಳಗೆ ನಾಲ್ಕು ಡಯೋಡ್. ಹಿಂದೆ ಮುಂದೆ ತುಯ್ಯುವ ಎಸಿ ಕರೆಂಟನ್ನು ಒಂದೇ ದಿಕ್ಕಿಗೆ ಸಾಗಿಸಿ, ಕೆಂಪು ತಂತಿಯಲ್ಲಿ ಬ್ಯಾಟ್ರಿಗೆ ಕಳಿಸುವುದಷ್ಟೇ ಅದರ ಕೆಲಸ. ಮೆಕ್ಯಾನಿಕ್ ಮೀಟರಿನ ಮುಳ್ಳುಗಳನ್ನು ಒಂದೊಂದು ಡಯೋಡಿಗೂ ಆಚೆಯಿಂದೊಮ್ಮೆ ಈಚೆಯಿಂದೊಮ್ಮೆ ಹಿಡಿಯುತ್ತಾನೆ. ಒಂದು ಕಡೆಯಿಂದ ದಾರಿ ಬಿಡಬೇಕು, ಇನ್ನೊಂದು ಕಡೆಯಿಂದ ಬಿಡಬಾರದು. ಎರಡೂ ಕಡೆ ಬಿಟ್ಟರೆ ಅದು ಸುಟ್ಟಿದೆ. ಎರಡೂ ಕಡೆ ಬಿಡದಿದ್ದರೂ ಸುಟ್ಟಿದೆ.

"ಕಾಯಿಲ್ ಸಮಾ ಇತ್ತ್ ಮಾರಾಯ್ರೆ. ಬ್ಯಾಟ್ರಿ ಉಲ್ಟಾ ಕೊಟ್ಟದ್ ಯಾರ್?"

"ನಾನಲ್ಲ. ಅದ್ ಮೊದ್ಲೇ ಹಾಂಗೇ ಇದ್ದಿತ್."

ಪ್ಲಸ್ ಮೈನಸ್ ಅದಲು ಬದಲಾದರೆ ರೆಕ್ಟಿಫೈಯರ್ ಸಾಯಲು ಒಂದು ಕ್ಷಣ ಸಾಕು. ಎಂಜಿನ್ ಓಡುವಾಗ ಬ್ಯಾಟ್ರಿಯ ತಂತಿ ಕಳಚಿಟ್ಟರೂ ಅದೇ ಗತಿ ಬರಬಹುದು. ಏಕೆಂದರೆ ಇಂಥ ಎಂಜಿನ್ನುಗಳಲ್ಲಿ ವೋಲ್ಟೇಜಿಗೆ ಹದ ಹಾಕುವ ರೆಗ್ಯುಲೇಟರ್ ಇಲ್ಲ. ಬಂದದ್ದನ್ನೆಲ್ಲ ನುಂಗಿ ವೋಲ್ಟೇಜನ್ನು ಹಿಡಿದಿಡುವುದು ಬ್ಯಾಟ್ರಿಯೇ. ನುಂಗುವವನು ಎದ್ದು ಹೋದರೆ ವೋಲ್ಟೇಜು ಮೇಲೆ ಹಾರಿ ಡಯೋಡನ್ನು ಒಡೆಯುತ್ತದೆ. ಬ್ಯಾಟ್ರಿಯಿಲ್ಲದೆ ಓಡಿಸಲೇಬೇಕಾದರೆ ಹಳದಿ ತಂತಿಗಳನ್ನು ರೆಕ್ಟಿಫೈಯರ್‌ನಿಂದ ಬಿಡಿಸಿ, ಟೇಪು ಸುತ್ತಿ, ಬದಿಗಿಡಬೇಕು. ಕೆಲವು ಎಂಜಿನ್ನುಗಳಲ್ಲಿ ಆರ್‌ಪಿಎಂ ತೋರಿಸುವ ಮೀಟರೂ ಇದೇ ಕಾಯಿಲಿನ ಮಿಡಿತ ಎಣಿಸಿ ನಡೆಯುತ್ತದೆ. ಓಡುತ್ತಿರುವಾಗ ಅದರ ಮುಳ್ಳು ಸೊನ್ನೆಗೆ ಬಿದ್ದರೆ ಮೀಟರನ್ನು ಬೈಯುವ ಮೊದಲು ರೆಕ್ಟಿಫೈಯರನ್ನು ನೋಡುವುದು ಜಾಣತನ.

ರೆಗ್ಯುಲೇಟರ್ ಇಲ್ಲದ್ದರ ಇನ್ನೊಂದು ಮುಖವೂ ಉಂಟು. ತುಂಬಿದ ಬ್ಯಾಟ್ರಿ ಇಟ್ಟುಕೊಂಡು ತಾಸುಗಟ್ಟಲೆ ಪೂರ್ತಿ ವೇಗದಲ್ಲಿ ಓಡಿದರೆ ವೋಲ್ಟೇಜು 15 ದಾಟುತ್ತದೆ, ಬ್ಯಾಟ್ರಿಯ ನೀರು ಗುಳ್ಳೆಯೆದ್ದು ಆರುತ್ತದೆ. ಬಿರಡೆ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕುವ ಹಳೇ ಮಾದರಿಯ ಬ್ಯಾಟ್ರಿ ಇದನ್ನು ಸಹಿಸುತ್ತದೆ. 'ಮೇಂಟೆನೆನ್ಸ್ ಫ್ರೀ' ಎಂದು ಬಾಯಿ ಮುಚ್ಚಿ ಮಾರುವ ಬ್ಯಾಟ್ರಿಗೆ ಕಳೆದ ನೀರನ್ನು ತುಂಬುವ ದಾರಿಯೇ ಇಲ್ಲ. ಹೆಚ್ಚು ದುಡ್ಡು ಕೊಟ್ಟು ತಂದದ್ದು ಮೊದಲು ಹೋಗುವ ವಿಚಿತ್ರ ಹೀಗೆ.

ಇನ್ನು ಲೆಕ್ಕ. ಸೆಲ್ಫ್ ಸ್ಟಾರ್ಟ್ ಇದ್ದರೆ ಬ್ಯಾಟ್ರಿಯನ್ನು ಅದೇ ತಿನ್ನುತ್ತದೆ ಎಂದು ಎಲ್ಲರ ಗುಮಾನಿ. ಸ್ಟಾರ್ಟರ್ 150 ಆಂಪಿಯರ್ ಎಳೆದರೂ ಅದು ಐದು ಸೆಕೆಂಡಿನ ಮಾತು. ಆರು ಆಂಪಿಯರಿನ ಕಾಯಿಲ್ ಆ ಬಾಕಿಯನ್ನು ಎರಡು ಮೂರು ನಿಮಿಷದಲ್ಲಿ ತೀರಿಸುತ್ತದೆ. ನಿಜವಾಗಿ ತಿನ್ನುವುದು ಸದ್ದಿಲ್ಲದವರು: ಜಿಪಿಎಸ್, ಫಿಶ್‌ಫೈಂಡರ್, ವಯರ್‌ಲೆಸ್, ಎರಡು ದೀಪ, ಆ ಹುಡುಗನ ಮೊಬೈಲ್. ಎಲ್ಲ ಸೇರಿ ಮೂರು ಆಂಪಿಯರ್ ಎಂದುಕೊಂಡರೆ ಹತ್ತು ತಾಸಿಗೆ 30 ಆಂಪಿಯರ್-ಅವರ್. ಅದನ್ನು ತುಂಬಿಸಲು ಎಂಜಿನ್ ಐದು ತಾಸು ಪೂರ್ತಿ ವೇಗದಲ್ಲಿ ಓಡಬೇಕು. 40 ಎಚ್‌ಪಿಯ ಟೂ ಸ್ಟ್ರೋಕ್ ಹಾಗೆ ಓಡಿದರೆ ತಾಸಿಗೆ 15 ಲೀಟರಿನ ಆಸುಪಾಸು ಕುಡಿಯುತ್ತದೆ. ಅಂದರೆ 75 ಲೀಟರ್ ಎಣ್ಣೆ ಸುಟ್ಟು, ಮನೆಯ ಗೋಡೆಯ ಪ್ಲಗ್ಗಿನಲ್ಲಿ ಅರ್ಧ ಯೂನಿಟ್ಟಿಗೆ ಸಿಗುವ ಕರೆಂಟನ್ನು ಗಳಿಸಿದಂತಾಯಿತು. ಬಲೆ ಬಿಡುವ, ಎಳೆಯುವ ನಿಧಾನದ ಹೊತ್ತಿನಲ್ಲಂತೂ ಕಾಯಿಲ್ ಕೊಡುವುದು ಲೆಕ್ಕಕ್ಕೇ ಬಾರದು.

ಹಾಗಾಗಿ ಬ್ಯಾಟ್ರಿಯ ಎರಡು ತುದಿಗೆ ಮೀಟರ್ ಹಿಡಿಯುವ ಅಭ್ಯಾಸ ಒಳ್ಳೆಯದು. ಎಂಜಿನ್ ನಿಂತಾಗ 12.6 ವೋಲ್ಟ್ ಇದ್ದರೆ ತುಂಬಿದೆ. ಎಂಜಿನ್ ಜೋರಾಗಿ ಓಡುವಾಗ ಅದು 13.5 ದಾಟಬೇಕು, ಕದಲದಿದ್ದರೆ ಎರಡನೆಯ ಒಲೆ ಆರಿದೆ. ಫ್ಯೂಸ್, ಉಪ್ಪುಗಾಳಿಗೆ ಹಸಿರುಗಟ್ಟಿದ ಟರ್ಮಿನಲ್, ರೆಕ್ಟಿಫೈಯರ್, ಕೊನೆಗೆ ಕಾಯಿಲ್, ಈ ಸಾಲಿನಲ್ಲಿ ಹುಡುಕಿದರೆ ಖರ್ಚು ಕಮ್ಮಿ. ಹೆಚ್ಚಿನ ಸಲ ಸಿಕ್ಕಿಬೀಳುವುದು ಟರ್ಮಿನಲ್ಲೇ.

ಬುದ್ಧಿವಂತರು ಈಗೀಗ ದೋಣಿಗೆ ಸೋಲಾರ್ ಪ್ಯಾನೆಲ್ ಕಟ್ಟುತ್ತಿದ್ದಾರೆ. ಉಳಿದವರು ದಡಕ್ಕೆ ಬಂದೊಡನೆ ಬ್ಯಾಟ್ರಿ ಹೊತ್ತು ಮನೆಗೆ ತಂದು, ಅಡುಗೆಮನೆಯ ಬಾಗಿಲಲ್ಲಿ ಚಾರ್ಜರಿಗೆ ಹಾಕಿ ಮಲಗುತ್ತಾರೆ. ಸಂಜೆ ಎದ್ದು ಮೀಟರ್ ಹಿಡಿದರೆ ಬ್ಯಾಟ್ರಿ ಹೇಗಿತ್ತೋ ಹಾಗೇ ಇರುತ್ತದೆ. ಇಲ್ಲಿ ಫ್ಯೂಸನ್ನೂ ರೆಕ್ಟಿಫೈಯರನ್ನೂ ಹುಡುಕಬೇಕಿಲ್ಲ. ಮೀನಿನ ಮಸಾಲೆ ಕಡೆಯಲು ಹೆಂಡತಿ ಪ್ಲಗ್ ಕಿತ್ತು ಮಿಕ್ಸಿ ಹಾಕಿದ್ದಾಳೆ, ಮತ್ತೆ ಚುಚ್ಚಲು ಮರೆತಿದ್ದಾಳೆ.